ಗೇಮ್ ಮುಗ್ಗರಿಸುತ್ತಿದ್ದರೆ: ಗ್ರಾಫ್ ಓದಿ ಕಾರಣ ಹಿಡಿಯುವ ಬಗೆ

ಪರದೆಯ ಮೂಲೆಯಲ್ಲಿ ಎಫ್‌ಪಿಎಸ್ 110 ಎಂದು ತೋರಿಸುತ್ತಿರುತ್ತದೆ. ಆದರೂ ತಿರುಗಿದಾಗಲೆಲ್ಲ ಚಿತ್ರ ಗಕ್ಕನೆ ನಿಂತು ಮುಂದಕ್ಕೆ ಜಿಗಿಯುತ್ತದೆ. ಇವೆರಡೂ ಒಟ್ಟಿಗೆ ನಿಜವಾಗಿರಬಹುದು. ಎಫ್‌ಪಿಎಸ್ ಎಂದರೆ ಒಂದು ಸೆಕೆಂಡಿನಲ್ಲಿ ಎಷ್ಟು ಫ್ರೇಮ್ (ಬಿಡಿ ಚಿತ್ರ) ಬಂದವೆಂಬ ಸರಾಸರಿ ಲೆಕ್ಕ. 109 ಫ್ರೇಮ್‌ಗಳು ತಲಾ 8 ಮಿಲಿಸೆಕೆಂಡಿನಲ್ಲಿ ಬಂದು, ಒಂದೇ ಒಂದು ಫ್ರೇಮ್ 120 ಮಿಲಿಸೆಕೆಂಡ್ ತೆಗೆದುಕೊಂಡರೂ ಸರಾಸರಿ 110ರ ಸುತ್ತಲೇ ಇರುತ್ತದೆ. ಕಣ್ಣಿಗೆ ಚುಚ್ಚುವುದು ಆ ಒಂದು ಫ್ರೇಮ್.

ಹಾಗಾಗಿ ನೋಡಬೇಕಾದ್ದು ಫ್ರೇಮ್‌ಟೈಮ್, ಅಂದರೆ ಒಂದೊಂದು ಫ್ರೇಮ್ ತಯಾರಾಗಲು ಹಿಡಿದ ಸಮಯ. 60 ಎಫ್‌ಪಿಎಸ್ ಎಂದರೆ ಪ್ರತಿ ಫ್ರೇಮ್‌ಗೆ 16.7 ಮಿಲಿಸೆಕೆಂಡ್, 144 ಎಂದರೆ 6.9, 30 ಎಂದರೆ 33.3. ಈ ಅಂಕಿ ಸಮವಾಗಿದ್ದರೆ 50 ಎಫ್‌ಪಿಎಸ್‌ನಲ್ಲೂ ಆಟ ನುಣುಪಾಗಿ ಸಾಗುತ್ತದೆ. ಏರುಪೇರಾಗುತ್ತಿದ್ದರೆ 150 ಇದ್ದರೂ ಕಿರಿಕಿರಿ ತಪ್ಪದು.

ಹೀಗೆ ಮುಗ್ಗರಿಸುವುದಕ್ಕೆ, ಅಂದರೆ ಸ್ಟಟರ್‌ಗೆ, ಕಾರಣಗಳು ಹತ್ತಾರಿವೆ, ಒಂದರ ಪರಿಹಾರ ಇನ್ನೊಂದಕ್ಕೆ ನಾಟುವುದಿಲ್ಲ. ಯಾವುದೋ ವಿಡಿಯೊ ನೋಡಿ ಇಪ್ಪತ್ತು ಸೆಟ್ಟಿಂಗ್ ಒಟ್ಟಿಗೆ ಬದಲಿಸಿದರೆ ಯಾವುದು ಕೆಲಸ ಮಾಡಿತು, ಯಾವುದು ಕೆಡಿಸಿತು ಎಂದು ಹೇಳಲು ಬರುವುದಿಲ್ಲ. ಮೊದಲು ಸ್ಟಟರ್ ಯಾವ ಬಗೆಯದು ಎಂದು ಗುರುತಿಸಿ, ಆಮೇಲೆ ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಇಲ್ಲಿನ ಹಂತಗಳು ವಿಂಡೋಸ್ 10 ಮತ್ತು 11 ಇರುವ ಡೆಸ್ಕ್‌ಟಾಪ್‌ಗೆ ಹೊಂದುತ್ತವೆ.

ಇದು ಸ್ಟಟರ್ ಹೌದೇ?

ಆನ್‌ಲೈನ್ ಆಟದಲ್ಲಿ ನಿಮ್ಮ ಪಾತ್ರ ಹಿಂದಕ್ಕೆ ಎಳೆದಂತಾಗುವುದು, ಎದುರಾಳಿ ಒಂದೆಡೆಯಿಂದ ಇನ್ನೊಂದೆಡೆಗೆ ಹಾರುವುದು, ಹೊಡೆದ ಗುಂಡು ತಡವಾಗಿ ತಾಗುವುದು, ಇವೆಲ್ಲ ನೆಟ್‌ವರ್ಕ್ ಸಮಸ್ಯೆ. ಪರೀಕ್ಷೆ ಸುಲಭ: ಅಂಥ ಹೊತ್ತಿನಲ್ಲಿ ಕ್ಯಾಮೆರಾ ತಿರುಗಿಸಿ. ಸುತ್ತಲಿನ ಗೋಡೆ, ಮರ, ಆಕಾಶ ನುಣುಪಾಗಿ ತಿರುಗಿದರೆ ಕಂಪ್ಯೂಟರ್‌ನಲ್ಲಿ ತೊಂದರೆಯಿಲ್ಲ, ಪಿಂಗ್ (ಸರ್ವರ್‌ನ ಉತ್ತರ ಬರಲು ಹಿಡಿಯುವ ಸಮಯ) ಮತ್ತು ಪ್ಯಾಕೆಟ್ ಲಾಸ್ (ದಾರಿಯಲ್ಲಿ ಕಳೆದುಹೋಗುವ ಡೇಟಾ) ನೋಡಿ. ಚಿತ್ರ ಅಡ್ಡಲಾಗಿ ಸೀಳಿದಂತೆ ಕಂಡರೆ ಅದು ಟಿಯರಿಂಗ್. ಎಲ್ಲೆಡೆಯೂ ಒಂದೇ ಸಮನೆ ನಿಧಾನವಾಗಿದ್ದರೆ ಕಂಪ್ಯೂಟರ್‌ನ ಶಕ್ತಿಯೇ ಸಾಲುತ್ತಿಲ್ಲ, ರೆಸಲ್ಯೂಶನ್ ಇಳಿಸಬೇಕು. ಇಡೀ ಪರದೆ ಕ್ಷಣಕಾಲ ಸ್ಥಗಿತಗೊಂಡು ಮತ್ತೆ ಓಡಿದರೆ ಮಾತ್ರ ಮುಂದಿನದು ನಿಮಗೆ.

ಅಳತೆಗೆ ಸಿದ್ಧತೆ

ಆಡುವಾಗ ಅಂಕಿಗಳನ್ನು ಪರದೆ ಮೇಲೆ ತೋರಿಸುವ ಎಂಎಸ್‌ಐ ಆಫ್ಟರ್‌ಬರ್ನರ್ ಹಾಕಿಕೊಳ್ಳಿ. ಅದರ ಜೊತೆಗೆ ರಿವಾಟ್ಯೂನರ್ ಸ್ಟ್ಯಾಟಿಸ್ಟಿಕ್ಸ್ ಸರ್ವರ್ ಕೂಡ ಬರುತ್ತದೆ. ಎರಡೂ ಉಚಿತ, ಯಾವ ಕಂಪನಿಯ ಗ್ರಾಫಿಕ್ಸ್ ಕಾರ್ಡ್ ಇದ್ದರೂ ನಡೆಯುತ್ತದೆ. ಸೆಟ್ಟಿಂಗ್ಸ್‌ನ ಮಾನಿಟರಿಂಗ್ ಟ್ಯಾಬ್‌ಗೆ ಹೋಗಿ ಇವನ್ನು ಆರಿಸಿ, ಪ್ರತಿಯೊಂದಕ್ಕೂ ಕೆಳಗಿನ ‘ಶೋ ಇನ್ ಆನ್-ಸ್ಕ್ರೀನ್ ಡಿಸ್‌ಪ್ಲೇ’ಗೆ ಟಿಕ್ ಹಾಕಿ: ಜಿಪಿಯು (ಗ್ರಾಫಿಕ್ಸ್ ಚಿಪ್) ಯೂಸೇಜ್, ಜಿಪಿಯು ಟೆಂಪರೇಚರ್, ಕೋರ್ ಕ್ಲಾಕ್, ಮೆಮೊರಿ ಯೂಸೇಜ್, ಪ್ರತಿ ಕೋರ್‌ನ ಸಿಪಿಯು (ಮುಖ್ಯ ಪ್ರೊಸೆಸರ್) ಯೂಸೇಜ್, ಸಿಪಿಯು ಕ್ಲಾಕ್, ರ್‍ಯಾಮ್ ಯೂಸೇಜ್, ಫ್ರೇಮ್‌ರೇಟ್, ಫ್ರೇಮ್‌ಟೈಮ್. ಕೊನೆಯದಕ್ಕೆ ಟೆಕ್ಸ್ಟ್ ಬದಲು ಗ್ರಾಫ್ ಆರಿಸಿ. ಓದುವ ಅವಧಿಯನ್ನು 1000 ಮಿಲಿಸೆಕೆಂಡ್‌ಗಿಂತ ಕಡಿಮೆ ಮಾಡಬೇಡಿ. ಸೆನ್ಸರ್‌ಗಳನ್ನು ಪದೇಪದೇ ಓದುವುದೇ ಕೆಲವು ಕಂಪ್ಯೂಟರ್‌ಗಳಲ್ಲಿ ಸ್ಟಟರ್‌ಗೆ ಕಾರಣವಾಗುತ್ತದೆ. ಅದರಲ್ಲೂ ಜಿಪಿಯು ಪವರ್ ಓದುವ ಆಯ್ಕೆಯ ಮೇಲೆ ಅನುಮಾನ ಇಟ್ಟುಕೊಳ್ಳಿ.

ಇನ್ನು ಆಟದಲ್ಲಿ ಸ್ಟಟರ್ ಖಂಡಿತ ಬರುವ ಒಂದು ದಾರಿ ಆರಿಸಿಕೊಳ್ಳಿ. ಒಂದು ಸೇವ್ ಫೈಲ್‌ನಿಂದ ಹೊರಟು, ಅದೇ ದಾರಿಯಲ್ಲಿ ಎರಡು ಮೂರು ನಿಮಿಷ ನಡೆಯುವಂತಿರಲಿ. ಪ್ರತಿ ಬದಲಾವಣೆಯ ನಂತರವೂ ಅದೇ ದಾರಿ. ಅಂಕಿಅಂಶ ಬರೆದಿಟ್ಟುಕೊಳ್ಳಲು ಕ್ಯಾಪ್‌ಫ್ರೇಮ್‌ಎಕ್ಸ್ ಅಥವಾ ಇಂಟೆಲ್‌ನ ಪ್ರೆಸೆಂಟ್‌ಮಾನ್ ಚೆನ್ನಾಗಿವೆ. ಅವು ಕೊಡುವ ‘1 ಪರ್ಸೆಂಟ್ ಲೋ’ ಎಂಬ ಅಂಕಿ ಅತಿ ನಿಧಾನವಾದ ಫ್ರೇಮ್‌ಗಳ ಸ್ಥಿತಿ ಹೇಳುತ್ತದೆ. ಸರಾಸರಿ 120, 1 ಪರ್ಸೆಂಟ್ ಲೋ 90 ಇದ್ದರೆ ಚಿಂತೆಯಿಲ್ಲ. ಸರಾಸರಿ 120, ಲೋ 35 ಇದ್ದರೆ ಅದು ಕೈಯಲ್ಲೇ ಗೊತ್ತಾಗುತ್ತದೆ.

ಈಗ ಗ್ರಾಫ್ ಓದುವುದು. ಹೊಸ ದೃಶ್ಯ, ಹೊಸ ಆಯುಧ, ಹೊಸ ಸ್ಫೋಟ ಮೊದಲ ಬಾರಿ ಬಂದಾಗ ಮಾತ್ರ ಎತ್ತರದ ಸ್ಪೈಕ್ (ಗೆರೆಯ ದಿಢೀರ್ ಏರಿಕೆ) ಎದ್ದು, ಎರಡನೇ ಬಾರಿ ಏಳದಿದ್ದರೆ ಶೇಡರ್ ಕಂಪೈಲ್. ನಕ್ಷೆಯ ಒಂದು ಗಡಿ ದಾಟಿದಾಗ ಪ್ರತಿ ಸಲವೂ ಎದ್ದರೆ ಹೊಸ ಪ್ರದೇಶದ ಲೋಡಿಂಗ್. ಮೊದಲ ಹದಿನೈದು ನಿಮಿಷ ಸುಖವಾಗಿದ್ದು ಆಮೇಲೆ ಕೆಡುತ್ತ ಹೋದರೆ ಬಿಸಿ, ಇಲ್ಲವೇ ಮೆಮೊರಿ ತುಂಬಿದ್ದು. ಗಡಿಯಾರ ಹಿಡಿದು ಅಳೆದಂತೆ ಸರಿಯಾದ ಅಂತರದಲ್ಲಿ ಬಂದರೆ ಹಿನ್ನೆಲೆಯಲ್ಲಿ ಯಾವುದೋ ಪ್ರೋಗ್ರಾಂ. ಗ್ರಾಫ್ ನೇರ ಗೆರೆಯಂತಿದ್ದೂ ಕಣ್ಣಿಗೆ ಜರ್ಕ್ ಕಂಡರೆ ಮಾನಿಟರ್ ಜೊತೆಗಿನ ಹೊಂದಾಣಿಕೆ. ಈ ಐದು ಗುರುತು ನೆನಪಿದ್ದರೆ ಅರ್ಧ ಕೆಲಸ ಮುಗಿದಂತೆ.

ಮೊದಲ ಹತ್ತು ನಿಮಿಷದಲ್ಲಿ ನೋಡಿಬಿಡಬೇಕಾದವು

ಮಾನಿಟರ್ ಕೇಬಲ್ ಗ್ರಾಫಿಕ್ಸ್ ಕಾರ್ಡ್‌ಗೇ ಚುಚ್ಚಿದೆಯೇ ನೋಡಿ, ಮದರ್‌ಬೋರ್ಡ್‌ನ ಪೋರ್ಟ್‌ಗಲ್ಲ. ಡಿಸ್‌ಪ್ಲೇ ಸೆಟ್ಟಿಂಗ್ಸ್‌ನ ಅಡ್ವಾನ್ಸ್ಡ್ ಡಿಸ್‌ಪ್ಲೇಯಲ್ಲಿ ಮಾನಿಟರ್‌ನ ಪೂರ್ಣ ರಿಫ್ರೆಶ್ ರೇಟ್ (ಸೆಕೆಂಡಿಗೆ ಎಷ್ಟು ಸಲ ಪರದೆ ಹೊಸದಾಗುತ್ತದೆ ಎಂಬುದು) ಆಯ್ಕೆಯಾಗಿದೆಯೇ ನೋಡಿ. 144 ಹರ್ಟ್ಸ್ ಮಾನಿಟರ್ 60ರಲ್ಲೇ ಓಡುತ್ತಿರುವುದು ಅಪರೂಪವೇನಲ್ಲ.

ರ್‍ಯಾಮ್ ವಿಷಯಕ್ಕೆ ಸ್ವಲ್ಪ ಹೆಚ್ಚು ಗಮನ ಕೊಡಿ, ಸ್ಟಟರ್‌ನಲ್ಲಿ ಇದರ ಪಾಲು ದೊಡ್ಡದು. ಟಾಸ್ಕ್ ಮ್ಯಾನೇಜರ್ ತೆರೆದು ಪರ್ಫಾರ್ಮೆನ್ಸ್, ಮೆಮೊರಿ ಒತ್ತಿ. ಕೆಳಗೆ ಸ್ಪೀಡ್ ಮತ್ತು ಸ್ಲಾಟ್ಸ್ ಯೂಸ್ಡ್ ಇರುತ್ತವೆ. ಪ್ಯಾಕ್ ಮೇಲೆ 3200 ಎಂದಿದ್ದು ಇಲ್ಲಿ 2133 ಅಥವಾ 2400 ಕಂಡರೆ, ಇಲ್ಲವೇ ಡಿಡಿಆರ್5ನಲ್ಲಿ 6000 ಬದಲು 4800 ಕಂಡರೆ, ಬಯೋಸ್‌ನಲ್ಲಿ (ಮದರ್‌ಬೋರ್ಡ್‌ನ ಮೂಲ ಸೆಟ್ಟಿಂಗ್‌ಗಳಲ್ಲಿ) ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ, ಅಂದರೆ ಪ್ಯಾಕ್ ಮೇಲಿನ ವೇಗ ಕೊಡುವ ಪ್ರೊಫೈಲ್, ಆನ್ ಆಗಿಲ್ಲ ಎಂದರ್ಥ. ಬಯೋಸ್‌ಗೆ ಹೋಗಿ ಪ್ರೊಫೈಲ್ ಆರಿಸಿ ಸೇವ್ ಮಾಡಿ. ಒಂದೇ ಸ್ಟಿಕ್ ಇದ್ದರೆ ಸಿಂಗಲ್ ಚಾನೆಲ್‌ನಲ್ಲಿ ನಡೆಯುತ್ತದೆ, ಮೆಮೊರಿ ದಾರಿ ಅರ್ಧಕ್ಕಿಳಿಯುತ್ತದೆ. ಅದರ ಹೊಡೆತ ಸರಾಸರಿಗಿಂತ 1 ಪರ್ಸೆಂಟ್ ಲೋ ಮೇಲೆ ಜೋರಾಗಿ ಬೀಳುತ್ತದೆ. ಎರಡು ಸ್ಟಿಕ್ ಇದ್ದು ನಾಲ್ಕು ಸ್ಲಾಟ್ ಇರುವ ಬೋರ್ಡ್‌ನಲ್ಲಿ ಸಾಮಾನ್ಯವಾಗಿ ಸಿಪಿಯುನಿಂದ ಎಣಿಸಿ ಎರಡನೇ ಮತ್ತು ನಾಲ್ಕನೇ ಸ್ಲಾಟ್‌ಗೆ ಹಾಕಬೇಕು. ಬೋರ್ಡ್‌ನ ಕೈಪಿಡಿಯಲ್ಲಿ ಖಚಿತಪಡಿಸಿಕೊಳ್ಳಿ. ಒಂದೇ ಚಾನೆಲ್‌ನ ಪಕ್ಕಪಕ್ಕದ ಸ್ಲಾಟ್‌ಗಳಲ್ಲಿ ಹಾಕಿದ್ದರೆ ಎರಡಿದ್ದೂ ಸಿಂಗಲ್ ಚಾನೆಲ್ಲೇ. ಎಕ್ಸ್‌ಎಂಪಿ ಆನ್ ಮಾಡಿದ ಮೇಲೆ ಮೆಮ್‌ಟೆಸ್ಟ್86ನಲ್ಲಿ ನಾಲ್ಕು ಪಾಸ್ ಓಡಿಸಿ. ಒಂದೇ ಒಂದು ಎರರ್ ಬಂದರೂ ಆ ವೇಗ ನಿಮ್ಮ ಕಂಪ್ಯೂಟರ್‌ಗೆ ಒಗ್ಗಿಲ್ಲ, ಒಂದು ಮೆಟ್ಟಿಲು ಇಳಿಸಿ.

ಆಟ ಇರುವ ಡ್ರೈವ್‌ನಲ್ಲಿ ಜಾಗ ಎಷ್ಟಿದೆ ನೋಡಿ. ಎಸ್‌ಎಸ್‌ಡಿ ಪೂರ್ತಿ ತುಂಬಿದರೆ ಬರೆಯುವ ವೇಗ ಕುಸಿಯುತ್ತದೆ. ಶೇ. 15ರಷ್ಟಾದರೂ ಖಾಲಿ ಇರಲಿ.

ಶೇಡರ್ ಕಂಪೈಲ್: ಮೊದಲ ಸಲ ಮಾತ್ರ ಬರುವ ಸ್ಟಟರ್

ಇತ್ತೀಚಿನ ಆಟಗಳಲ್ಲಿ ಅತಿ ಹೆಚ್ಚು ದೂರು ಇದರದ್ದೇ. ಬೆಳಕು, ನೆರಳು, ನೀರು, ಚರ್ಮ ಹೇಗೆ ಕಾಣಬೇಕು ಎಂದು ಲೆಕ್ಕ ಹಾಕುವ ಪುಟ್ಟ ಪ್ರೋಗ್ರಾಂಗಳೇ ಶೇಡರ್‌ಗಳು. ಗೇಮ್ ಕನ್ಸೋಲ್‌ನಲ್ಲಿ ಜಿಪಿಯು ಯಾವುದೆಂದು ಮೊದಲೇ ಗೊತ್ತು, ಆದ್ದರಿಂದ ಅಲ್ಲಿ ಶೇಡರ್‌ಗಳು ಸಿದ್ಧವಾಗಿಯೇ ಬರುತ್ತವೆ. ಪಿಸಿಯಲ್ಲಿ ನಿಮ್ಮ ಕಾರ್ಡ್‌ಗೆ ಮತ್ತು ನಿಮ್ಮ ಡ್ರೈವರ್‌ಗೆ ತಕ್ಕಂತೆ ನಿಮ್ಮ ಸಿಪಿಯುವೇ ಅವನ್ನು ಕಂಪೈಲ್ ಮಾಡಬೇಕು, ಅಂದರೆ ಜಿಪಿಯುಗೆ ಅರ್ಥವಾಗುವ ರೂಪಕ್ಕೆ ತರಬೇಕು. ಆಟ ಜಿಪಿಯು ಜೊತೆ ಮಾತಾಡಲು ಬಳಸುವ ಡೈರೆಕ್ಟ್‌ಎಕ್ಸ್ 12 ಮತ್ತು ವಲ್ಕನ್‌ನಲ್ಲಿ ಈ ಕೆಲಸ ಯಾವಾಗ ಆಗಬೇಕೆಂಬ ಹೊಣೆ ಆಟ ಬರೆದವರದು. ಅವರು ಮೊದಲೇ ಮಾಡಿಸದಿದ್ದರೆ ಆಟದ ನಡುವೆ, ಆ ವಸ್ತು ಪರದೆಗೆ ಬರುವ ಕ್ಷಣದಲ್ಲೇ ಆಗುತ್ತದೆ. ಆಗ 50ರಿಂದ 200 ಮಿಲಿಸೆಕೆಂಡ್‌ನ ಸ್ಪೈಕ್ ಏಳಬಹುದು.

ಏನು ಮಾಡಬಹುದು? ಆಟ ತೆರೆದಾಗ ‘ಶೇಡರ್ಸ್ ಸಿದ್ಧವಾಗುತ್ತಿವೆ’ ಎಂಬ ಪಟ್ಟಿ ಬಂದರೆ ಅದನ್ನು ಪೂರ್ತಿ ಮುಗಿಯಲು ಬಿಡಿ, ಹತ್ತು ನಿಮಿಷ ಹಿಡಿದರೂ ಸರಿ. ಅವಸರದಿಂದ ದಾಟಿಸಿದರೆ ಆ ಹತ್ತು ನಿಮಿಷವನ್ನು ಸ್ಟಟರ್ ರೂಪದಲ್ಲಿ ಕಂತುಕಂತಾಗಿ ತೆರಬೇಕಾಗುತ್ತದೆ. ಎನ್‌ವಿಡಿಯಾ ಕಾರ್ಡ್ ಇದ್ದರೆ ಕಂಟ್ರೋಲ್ ಪ್ಯಾನೆಲ್‌ನ ಮ್ಯಾನೇಜ್ 3ಡಿ ಸೆಟ್ಟಿಂಗ್ಸ್‌ನಲ್ಲಿ ಶೇಡರ್ ಕ್ಯಾಷ್ (ಒಮ್ಮೆ ಸಿದ್ಧಪಡಿಸಿದ ಶೇಡರ್‌ಗಳನ್ನು ಉಳಿಸಿಡುವ ಜಾಗ) ಸೈಜ್ ಅನ್ನು 10 ಜಿಬಿಗೆ ಏರಿಸಿ. ಹಲವು ದೊಡ್ಡ ಆಟಗಳನ್ನು ಒಟ್ಟಿಗೆ ಆಡುವವರಿಗೆ ಡೀಫಾಲ್ಟ್ ಅಳತೆ ತುಂಬಿ, ಹಳೆಯ ಶೇಡರ್‌ಗಳು ಅಳಿಸಿ, ಅದೇ ಕೆಲಸ ಮತ್ತೆ ಮತ್ತೆ ಆಗುತ್ತಿರುತ್ತದೆ.

ಕ್ಯಾಷ್ ಕೆಟ್ಟು ಹೋಗುವುದೂ ಉಂಟು. ಮೊದಲು ಚೆನ್ನಾಗಿದ್ದ ಆಟ ಡ್ರೈವರ್ ಅಪ್‌ಡೇಟ್ ಆದ ಮೇಲೆ ಒಂದೆರಡು ಗಂಟೆ ಮುಗ್ಗರಿಸಿದರೆ ಅದು ಸಹಜ. ಹೊಸ ಡ್ರೈವರ್‌ಗೆ ಹಳೆಯ ಕ್ಯಾಷ್ ನಡೆಯದು, ಎಲ್ಲವೂ ಹೊಸದಾಗಿ ಕಟ್ಟಬೇಕು. ಆದರೆ ದಿನಗಟ್ಟಲೆ ಆಡಿದ ಮೇಲೂ ಹಾಗೇ ಇದ್ದರೆ ಅಳಿಸಿ ನೋಡಿ. ಡಿಸ್ಕ್ ಕ್ಲೀನಪ್ ತೆರೆದು ಡೈರೆಕ್ಟ್‌ಎಕ್ಸ್ ಶೇಡರ್ ಕ್ಯಾಷ್‌ಗೆ ಮಾತ್ರ ಟಿಕ್ ಹಾಕಿ ಅಳಿಸಿ. ಎಎಂಡಿ ಕಾರ್ಡ್‌ನವರಿಗೆ ಅಡ್ರೆನಲಿನ್‌ನ ಗ್ರಾಫಿಕ್ಸ್ ಪುಟದಲ್ಲಿ ರೀಸೆಟ್ ಶೇಡರ್ ಕ್ಯಾಷ್ ಇದೆ. ಅಳಿಸಿದ ನಂತರದ ಮೊದಲ ಆಟ ಇನ್ನೂ ಹೆಚ್ಚು ಮುಗ್ಗರಿಸುತ್ತದೆ, ಅದನ್ನು ನೋಡಿ ತೀರ್ಮಾನ ಮಾಡಬೇಡಿ. ದಿನಾ ಕ್ಯಾಷ್ ಅಳಿಸುವ ‘ಕ್ಲೀನರ್’ ಪ್ರೋಗ್ರಾಂ ಇದ್ದರೆ ಅದೇ ನಿಮ್ಮ ಸ್ಟಟರ್‌ನ ಮೂಲ, ತೆಗೆದುಹಾಕಿ.

ಆಟದಲ್ಲಿ ಡೈರೆಕ್ಟ್‌ಎಕ್ಸ್ 11 ಆಯ್ಕೆಯೂ ಇದ್ದರೆ ಅದರಲ್ಲಿ ಒಮ್ಮೆ ಅದೇ ದಾರಿ ನಡೆದು ನೋಡಿ. ಎಷ್ಟೋ ಆಟಗಳಲ್ಲಿ ಹಳೆಯದೇ ನುಣುಪಾಗಿ ಓಡುತ್ತದೆ.

ಪ್ರದೇಶ ದಾಟಿದಾಗ ಬರುವ ಸ್ಟಟರ್

ತೆರೆದ ಜಗತ್ತಿನ ಆಟಗಳು ಮುಂದಿನ ತುಣುಕನ್ನು ನೀವು ಅಲ್ಲಿಗೆ ತಲುಪುವ ಮುನ್ನ ಡಿಸ್ಕ್‌ನಿಂದ ಓದಿ, ಬಿಚ್ಚಿ, ಮೆಮೊರಿಗೆ ತುಂಬುತ್ತವೆ. ಹಾರ್ಡ್ ಡಿಸ್ಕ್‌ನಲ್ಲಿ ಆಟ ಇದ್ದರೆ ಈ ಓಟದಲ್ಲಿ ಸೋಲು ಖಚಿತ. ಸ್ಟಾರ್‌ಫೀಲ್ಡ್‌ನಂಥ ಆಟಗಳು ಎಸ್‌ಎಸ್‌ಡಿಯನ್ನೇ ಕನಿಷ್ಠ ಅಗತ್ಯವೆಂದು ಹೇಳಿವೆ. ಆಟವನ್ನು ಎಸ್‌ಎಸ್‌ಡಿಗೆ ಸಾಗಿಸಿ. ಹಳೆಯ ಬಗೆಯ ಸಾಟಾ ಎಸ್‌ಎಸ್‌ಡಿಯಿಂದ ಇನ್ನೂ ವೇಗದ ಎನ್‌ವಿಎಂಇ ಎಸ್‌ಎಸ್‌ಡಿಗೆ ಹೋದರೆ ಸಿಗುವ ಲಾಭ, ಹಾರ್ಡ್ ಡಿಸ್ಕ್‌ನಿಂದ ಸಾಟಾಗೆ ಬಂದಾಗ ಸಿಗುವುದಕ್ಕಿಂತ ಬಹಳ ಚಿಕ್ಕದು.

ಎಸ್‌ಎಸ್‌ಡಿಯಲ್ಲಿದ್ದೂ ಹೀಗಾದರೆ ಕ್ರಿಸ್ಟಲ್‌ಡಿಸ್ಕ್‌ಇನ್ಫೊದಲ್ಲಿ ಡ್ರೈವ್‌ನ ಆರೋಗ್ಯ ಮತ್ತು ಉಷ್ಣತೆ ನೋಡಿ. ಎನ್‌ವಿಎಂಇ ಡ್ರೈವ್ ಗ್ರಾಫಿಕ್ಸ್ ಕಾರ್ಡ್‌ನ ಅಡಿಯಲ್ಲೇ ಇದ್ದು ಹೀಟ್‌ಸಿಂಕ್ ಇಲ್ಲದಿದ್ದರೆ ಬಿಸಿಯಾಗಿ ವೇಗ ಇಳಿಸಿಕೊಳ್ಳುತ್ತದೆ. ಸಾಟಾ ಡ್ರೈವ್‌ನಲ್ಲಿ ಅಲ್ಟ್ರಾ ಡಿಎಂಎ ಸಿಆರ್‌ಸಿ ಎರರ್ ಸಂಖ್ಯೆ ಏರುತ್ತಲೇ ಇದ್ದರೆ ಮೊದಲು ಡೇಟಾ ಕೇಬಲ್ ಬದಲಿಸಿ, ಡ್ರೈವ್ ಚೆನ್ನಾಗಿಯೇ ಇರಬಹುದು. ಆಟಕ್ಕೆ ಸಂಬಂಧವೇ ಇಲ್ಲದ ಹಳೆಯ ಹಾರ್ಡ್ ಡಿಸ್ಕ್ ಕೂಡ ನಿದ್ದೆಯಿಂದ ಎದ್ದು ತಿರುಗಲು ಶುರುವಾಗುವಾಗ ಒಂದೆರಡು ಸೆಕೆಂಡ್ ಎಲ್ಲವನ್ನೂ ನಿಲ್ಲಿಸಬಲ್ಲದು. ಅದರ ಕೇಬಲ್ ತಾತ್ಕಾಲಿಕವಾಗಿ ತೆಗೆದು ಆಡಿ ನೋಡಿದರೆ ತಿಳಿಯುತ್ತದೆ.

ವೀಡಿಯೊ ಮೆಮೊರಿ ತುಂಬಿದಾಗ

ಕಾರ್ಡ್‌ನ ವಿರ್‍ಯಾಮ್ ತುಂಬಿದರೆ ಉಳಿದದ್ದು ಪಿಸಿಐಇ (ಕಾರ್ಡ್ ಮತ್ತು ಮದರ್‌ಬೋರ್ಡ್ ನಡುವಿನ ಸಂಪರ್ಕ) ದಾರಿಯಾಗಿ ಸಾಮಾನ್ಯ ರ್‍ಯಾಮ್‌ಗೆ ಹೋಗುತ್ತದೆ. ಕಾರ್ಡ್‌ನೊಳಗಿನ ಮೆಮೊರಿಗೆ ಹೋಲಿಸಿದರೆ ಆ ದಾರಿ ತೀರಾ ಇಕ್ಕಟ್ಟು. ಟೆಕ್ಸ್ಚರ್ (ವಸ್ತುಗಳ ಮೇಲ್ಮೈಗೆ ಹೊದಿಸುವ ಚಿತ್ರ) ಬೇಕಾದಾಗಲೆಲ್ಲ ಅತ್ತಿಂದಿತ್ತ ಸಾಗಾಟ ನಡೆದು ಗ್ರಾಫ್ ಗರಗಸದ ಹಲ್ಲಿನಂತಾಗುತ್ತದೆ. ಟಾಸ್ಕ್ ಮ್ಯಾನೇಜರ್‌ನ ಜಿಪಿಯು ಪುಟದಲ್ಲಿ ಡೆಡಿಕೇಟೆಡ್ ಜಿಪಿಯು ಮೆಮೊರಿ ತುದಿ ಮುಟ್ಟಿದ್ದು, ಶೇರ್ಡ್ ಜಿಪಿಯು ಮೆಮೊರಿ ಏರುತ್ತ ಹೋಗುತ್ತಿದ್ದರೆ ಇದೇ ಕಾರಣ. ಶೇರ್ಡ್‌ನಲ್ಲಿ ಕೆಲವು ನೂರು ಎಂಬಿ ಯಾವಾಗಲೂ ಇರುತ್ತದೆ, ಅದಕ್ಕೆ ಹೆದರಬೇಕಿಲ್ಲ. 8 ಜಿಬಿ ಕಾರ್ಡ್‌ನಲ್ಲಿ ಅದು 2 ಜಿಬಿ ದಾಟಿದರೆ ಅನುಮಾನ ಪಡಿ.

ಪರಿಹಾರ ಟೆಕ್ಸ್ಚರ್ ಕ್ವಾಲಿಟಿಯನ್ನು ಒಂದು ಮೆಟ್ಟಿಲು ಇಳಿಸುವುದು. ಅಲ್ಟ್ರಾದಿಂದ ಹೈಗೆ ಬಂದರೆ ಕಣ್ಣಿಗೆ ವ್ಯತ್ಯಾಸ ಕಡಿಮೆ, ಮೆಮೊರಿಯಲ್ಲಿ ಬಹಳ. ಜಾಗ ಸಾಕಷ್ಟಿದ್ದಾಗ ಟೆಕ್ಸ್ಚರ್ ಸೆಟ್ಟಿಂಗ್ ಎಫ್‌ಪಿಎಸ್ ಮೇಲೆ ಹೆಚ್ಚು ಪರಿಣಾಮ ಬೀರುವುದಿಲ್ಲ, ಅದಕ್ಕೇ ಜನ ಅದನ್ನು ತುದಿಗೇರಿಸಿ ಮರೆತುಬಿಡುತ್ತಾರೆ. ರೇ ಟ್ರೇಸಿಂಗ್ (ಬೆಳಕಿನ ಕಿರಣಗಳ ಲೆಕ್ಕ) ಮತ್ತು ಫ್ರೇಮ್ ಜನರೇಷನ್ (ನಡುವಿನ ಫ್ರೇಮ್‌ಗಳನ್ನು ಕಾರ್ಡ್ ತಾನೇ ಸೃಷ್ಟಿಸುವುದು) ಕೂಡ ತಮ್ಮ ಪಾಲಿನ ವಿರ್‍ಯಾಮ್ ಬೇಡುತ್ತವೆ. ಅಂಚಿನಲ್ಲಿರುವ ಕಾರ್ಡ್‌ನಲ್ಲಿ ಫ್ರೇಮ್ ಜನರೇಷನ್ ಆನ್ ಮಾಡಿ ಸ್ಟಟರ್ ತಂದುಕೊಳ್ಳುವುದು ಹೀಗೆಯೇ. ಸೆಟ್ಟಿಂಗ್ ಇಳಿಸಿದ ಮೇಲೆ ಆಟ ಮುಚ್ಚಿ ತೆರೆಯಿರಿ, ಕೆಲವು ಆಟಗಳು ತುಂಬಿದ ಮೆಮೊರಿಯನ್ನು ಹಾಗೆಯೇ ಹಿಡಿದುಕೊಂಡಿರುತ್ತವೆ. ಹಿನ್ನೆಲೆಯ ಬ್ರೌಸರ್ ಮುಚ್ಚಿ, ಅದೂ ವಿರ್‍ಯಾಮ್ ತಿನ್ನುತ್ತದೆ.

ಕೆಲವು ಕಾರ್ಡ್‌ಗಳಿಗೆ ಪಿಸಿಐಇ ಲೇನ್‌ಗಳೇ ಕಡಿಮೆ. ಆರ್‌ಎಕ್ಸ್ 6500 ಎಕ್ಸ್‌ಟಿಗೆ ನಾಲ್ಕೇ ಲೇನ್, ವಿರ್‍ಯಾಮ್ 4 ಜಿಬಿ. ಅದನ್ನು ಪಿಸಿಐಇ 3.0 ಬೋರ್ಡ್‌ಗೆ ಹಾಕಿದರೆ ಮೆಮೊರಿ ತುಂಬಿದ ಕೂಡಲೇ ಪರಿಸ್ಥಿತಿ ಕೈ ಮೀರುತ್ತದೆ. ಪೂರ್ತಿ 16 ಲೇನ್‌ನ ಕಾರ್ಡ್ ಕೂಡ ತಪ್ಪು ಸ್ಲಾಟ್‌ನಲ್ಲಿ ಕೂತು ನಾಲ್ಕರಲ್ಲಿ ಓಡುತ್ತಿರಬಹುದು. ಜಿಪಿಯು-ಝಡ್‌ನ ಬಸ್ ಇಂಟರ್‌ಫೇಸ್ ಸಾಲಿನ ಪಕ್ಕದ ಪ್ರಶ್ನಾರ್ಥಕ ಚಿಹ್ನೆ ಒತ್ತಿ ರೆಂಡರ್ ಟೆಸ್ಟ್ ಓಡಿಸಿ ನೋಡಿ. ಕೆಲಸವಿಲ್ಲದಾಗ ಕಾರ್ಡ್ ತಾನಾಗಿ ಪಿಸಿಐಇ ವೇಗ ಇಳಿಸಿಕೊಳ್ಳುವುದರಿಂದ ಟೆಸ್ಟ್ ಓಡುವಾಗಿನ ಅಂಕಿಯನ್ನೇ ನಂಬಬೇಕು.

ಸಾಮಾನ್ಯ ರ್‍ಯಾಮ್ ತುಂಬಿದರೂ ಇದೇ ಗತಿ. ಪೇಜ್‌ಫೈಲ್ (ಮೆಮೊರಿ ಸಾಲದಾಗ ವಿಂಡೋಸ್ ಡಿಸ್ಕ್‌ನಲ್ಲಿ ಬಳಸುವ ಜಾಗ) ಆಫ್ ಮಾಡಿದ್ದರೆ ಮತ್ತೆ ‘ಸಿಸ್ಟಂ ಮ್ಯಾನೇಜ್ಡ್’ಗೆ ತನ್ನಿ, ಅದು ಎಸ್‌ಎಸ್‌ಡಿಯಲ್ಲಿರಲಿ. 32 ಜಿಬಿ ಇದ್ದರೂ ಕೆಲವು ಆಟಗಳು ಬಳಸುವುದಕ್ಕಿಂತ ಹೆಚ್ಚು ಜಾಗ ಕಾದಿರಿಸಲು ಕೇಳುತ್ತವೆ. ಪೇಜ್‌ಫೈಲ್ ಇಲ್ಲದಿದ್ದರೆ ಸ್ಟಟರ್ ಏನು, ಆಟವೇ ಬಿದ್ದುಹೋಗುತ್ತದೆ.

ಸಿಪಿಯು ಕೈಯಲ್ಲಿ ಆಗದಿದ್ದಾಗ

ರೆಸಲ್ಯೂಶನ್ ಅನ್ನು 1280x720ಕ್ಕೆ ಇಳಿಸಿ ಅದೇ ದಾರಿ ನಡೆಯಿರಿ. ಎಫ್‌ಪಿಎಸ್ ಏರಲೇ ಇಲ್ಲ, ಸ್ಟಟರ್ ಹಾಗೇ ಇದೆ ಎಂದಾದರೆ ತಡೆ ಇರುವುದು ಸಿಪಿಯು ಕಡೆ. ಒಟ್ಟು ಸಿಪಿಯು ಯೂಸೇಜ್ ಶೇ. 40 ಇದೆಯಲ್ಲ ಎಂದು ಸಮಾಧಾನಪಡಬೇಡಿ. ಆಟದ ಮುಖ್ಯ ಥ್ರೆಡ್ ಒಂದೇ ಕೋರ್ ಮೇಲೆ ನಿಂತಿರುತ್ತದೆ, ಆ ಒಂದು ಕೋರ್ ದಣಿದರೆ ಉಳಿದವು ಸುಮ್ಮನೆ ಕಾಯುತ್ತವೆ. ಅದಕ್ಕೇ ಕೋರ್‌ವಾರು ಯೂಸೇಜ್ ತೋರಿಸಲು ಹೇಳಿದ್ದು. ಜಿಪಿಯು ಯೂಸೇಜ್ ಪದೇಪದೇ ಶೇ. 60-70ಕ್ಕೆ ಬೀಳುತ್ತಿದ್ದರೆ ಅದೂ ಇದೇ ಸುಳಿವು.

ಇಲ್ಲಿ ರೆಸಲ್ಯೂಶನ್ ಇಳಿಸಿ ಪ್ರಯೋಜನವಿಲ್ಲ, ಡಿಎಲ್‌ಎಸ್‌ಎಸ್ ಅಥವಾ ಎಫ್‌ಎಸ್‌ಆರ್‌ನಂಥ ಅಪ್‌ಸ್ಕೇಲಿಂಗ್‌ನಿಂದಲೂ (ಚಿಕ್ಕ ಚಿತ್ರ ತಯಾರಿಸಿ ಹಿಗ್ಗಿಸುವುದರಿಂದಲೂ) ಇಲ್ಲ. ಜನಸಂದಣಿ, ಡ್ರಾ ಡಿಸ್ಟೆನ್ಸ್, ಫಿಸಿಕ್ಸ್, ನೆರಳಿನ ದೂರ, ರೇ ಟ್ರೇಸಿಂಗ್, ಇವನ್ನು ಇಳಿಸಿ. ಅದಕ್ಕಿಂತ ಗುಣಕಾರಿಯಾದದ್ದು ಎಫ್‌ಪಿಎಸ್‌ಗೆ ಮಿತಿ ಹಾಕುವುದು. ಸಿಪಿಯು ಒಮ್ಮೆ 120, ಒಮ್ಮೆ 75 ಕೊಡುತ್ತಿದ್ದರೆ 72ಕ್ಕೆ ಕಟ್ಟಿಬಿಡಿ. ಪ್ರತಿ ಫ್ರೇಮ್‌ನಲ್ಲೂ ಉಸಿರಾಡಲು ಜಾಗ ಉಳಿದು, ದಿಢೀರ್ ಹೊರೆ ಬಂದರೂ ತಡೆದುಕೊಳ್ಳುತ್ತದೆ.

ರೈಝನ್ 9 7950ಎಕ್ಸ್3ಡಿಯಂತೆ ಒಂದು ಬದಿಗೆ ಮಾತ್ರ ಹೆಚ್ಚುವರಿ ಕ್ಯಾಷ್ (ಇಲ್ಲಿ ಚಿಪ್‌ನೊಳಗಿನ ವೇಗದ ಮೆಮೊರಿ) ಇರುವ ಸಿಪಿಯು ಇದ್ದರೆ ಒಂದು ಎಚ್ಚರ: ಆಟವನ್ನು ಸರಿಯಾದ ಬದಿಯ ಕೋರ್‌ಗಳಲ್ಲಿ ಓಡಿಸಲು ಅದು ಎಎಂಡಿ ಚಿಪ್‌ಸೆಟ್ ಡ್ರೈವರ್ ಮತ್ತು ಎಕ್ಸ್‌ಬಾಕ್ಸ್ ಗೇಮ್ ಬಾರ್ ಎರಡನ್ನೂ ನೆಚ್ಚಿಕೊಂಡಿದೆ. ಗೇಮ್ ಬಾರ್ ಕಿತ್ತುಹಾಕಿ ಎಂಬ ಸಲಹೆ ಇಂಥ ಕಂಪ್ಯೂಟರ್‌ಗಳಲ್ಲಿ ಕೆಲಸವನ್ನೇ ಕೆಡಿಸುತ್ತದೆ.

ಬಿಸಿ ಮತ್ತು ವಿದ್ಯುತ್

ಎಚ್‌ಡಬ್ಲ್ಯುಇನ್ಫೊ64 ಅನ್ನು ಸೆನ್ಸರ್ಸ್ ಮೋಡ್‌ನಲ್ಲಿ ತೆರೆದಿಟ್ಟು ಅರ್ಧ ಗಂಟೆ ಆಡಿ, ಆಮೇಲೆ ಮ್ಯಾಕ್ಸಿಮಮ್ ಕಾಲಂ ನೋಡಿ. ಇಂಟೆಲ್ ಡೆಸ್ಕ್‌ಟಾಪ್ ಸಿಪಿಯುಗಳು ಬಹುಮಟ್ಟಿಗೆ 100 ಡಿಗ್ರಿಯಲ್ಲಿ, ರೈಝನ್ 7000 ಸರಣಿ 95ರಲ್ಲಿ ವೇಗ ಇಳಿಸುತ್ತವೆ. ಎನ್‌ವಿಡಿಯಾ ಕಾರ್ಡ್‌ಗಳು ಸುಮಾರು 83ರಿಂದಲೇ ಕ್ಲಾಕ್ ತಗ್ಗಿಸತೊಡಗುತ್ತವೆ. ಎಎಂಡಿ ಕಾರ್ಡ್‌ನ ಹಾಟ್‌ಸ್ಪಾಟ್ ಮಿತಿ 110. ಥರ್ಮಲ್ ಥ್ರಾಟ್ಲಿಂಗ್ ಸಾಲಿನಲ್ಲಿ ‘ಯೆಸ್’ ಕಂಡರೆ ಧೂಳು ತೆಗೆಯಿರಿ, ಫ್ಯಾನ್‌ಗಳೆಲ್ಲ ತಿರುಗುತ್ತಿವೆಯೇ ನೋಡಿ, ಕೂಲರ್‌ನ ಥರ್ಮಲ್ ಪೇಸ್ಟ್ ಬದಲಿಸಿ. ಕೇಸ್‌ನ ಪಕ್ಕದ ಫಲಕ ತೆಗೆದು ಆಡಿದಾಗ ಸ್ಟಟರ್ ನಿಂತರೆ ಗಾಳಿ ಓಡಾಟದ್ದೇ ಸಮಸ್ಯೆ.

ಸಿಪಿಯು ತಣ್ಣಗಿದ್ದೂ ಅದರ ಕ್ಲಾಕ್ ಕೆಲವು ಸೆಕೆಂಡ್ ಪಾತಾಳಕ್ಕಿಳಿದು ಮತ್ತೆ ಏರುತ್ತಿದ್ದರೆ ಮದರ್‌ಬೋರ್ಡ್‌ನ ವಿಆರ್‌ಎಂ (ಸಿಪಿಯುಗೆ ತಕ್ಕ ವಿದ್ಯುತ್ ಒದಗಿಸುವ ಭಾಗ) ಅತಿಯಾಗಿ ಬಿಸಿಯಾಗುತ್ತಿದೆ. ಸಾಧಾರಣ ಬೋರ್ಡ್‌ಗೆ ಹೆಚ್ಚು ವಿದ್ಯುತ್ ಎಳೆಯುವ ಸಿಪಿಯು ಹಾಕಿದಾಗ ಹೀಗಾಗುತ್ತದೆ. ಬಯೋಸ್‌ನಲ್ಲಿ ಸಿಪಿಯುವಿನ ಪವರ್ ಲಿಮಿಟ್ ಇಳಿಸಿ, ವಿಆರ್‌ಎಂ ಮೇಲೆ ಗಾಳಿ ಬೀಳುವಂತೆ ಒಂದು ಫ್ಯಾನ್ ಇಡಿ. ಗ್ರಾಫಿಕ್ಸ್ ಕಾರ್ಡ್‌ಗೆ ಎರಡು 8 ಪಿನ್ ಸಾಕೆಟ್ ಇದ್ದರೆ ಒಂದೇ ಕೇಬಲ್‌ನ ಎರಡು ತಲೆ ಚುಚ್ಚುವ ಬದಲು ಪವರ್ ಸಪ್ಲೈಯಿಂದ ಎರಡು ಬೇರೆ ಕೇಬಲ್ ಎಳೆಯಿರಿ.

ಗ್ರಾಫ್ ನೆಟ್ಟಗಿದ್ದೂ ಜರ್ಕ್ ಕಂಡರೆ

ಇದು ಲೆಕ್ಕದ ಸಮಸ್ಯೆ. ಎಲ್ಡನ್ ರಿಂಗ್ 60 ಎಫ್‌ಪಿಎಸ್‌ಗೆ ಬಿಗಿದ ಆಟ. ಅದನ್ನು 144 ಹರ್ಟ್ಸ್ ಮಾನಿಟರ್‌ನಲ್ಲಿ ಆಡಿದರೆ ಪ್ರತಿ ಫ್ರೇಮ್ ಪಾಲಿಗೆ 2.4 ರಿಫ್ರೆಶ್ ಬರುತ್ತದೆ. ಅರ್ಧ ರಿಫ್ರೆಶ್ ಎಂಬುದಿಲ್ಲವಾದ್ದರಿಂದ ಕೆಲವು ಫ್ರೇಮ್ ಎರಡು ರಿಫ್ರೆಶ್ ಹೊತ್ತು, ಕೆಲವು ಮೂರು ರಿಫ್ರೆಶ್ ಹೊತ್ತು ನಿಲ್ಲುತ್ತವೆ. ಕಣ್ಣು ಅದನ್ನು ನಡುಕವೆಂದು ಗ್ರಹಿಸುತ್ತದೆ. ಮಾನಿಟರ್ ಅನ್ನು 120 ಹರ್ಟ್ಸ್‌ಗೆ ಇಳಿಸಿದರೆ ಪ್ರತಿ ಫ್ರೇಮ್‌ಗೂ ಸರಿಯಾಗಿ ಎರಡು, ನಡುಕ ಮಾಯ.

ಜಿ-ಸಿಂಕ್ ಅಥವಾ ಫ್ರೀಸಿಂಕ್ ಇದ್ದರೆ ಇನ್ನೂ ಒಳ್ಳೆಯದು, ಮಾನಿಟರ್ ತಾನೇ ಫ್ರೇಮ್‌ಗಾಗಿ ಕಾಯುತ್ತದೆ. ಆದರೆ ಮಾನಿಟರ್‌ನ ಮೆನುವಿನಲ್ಲಿ ಮತ್ತು ಡ್ರೈವರ್‌ನಲ್ಲಿ, ಎರಡೂ ಕಡೆ ಆನ್ ಆಗಿರಬೇಕು. ಡ್ರೈವರ್‌ನಲ್ಲಿ ವಿ-ಸಿಂಕ್ (ಫ್ರೇಮ್ ಅನ್ನು ಮಾನಿಟರ್‌ನ ರಿಫ್ರೆಶ್‌ಗಾಗಿ ಕಾಯಿಸುವ ಸೆಟ್ಟಿಂಗ್) ಆನ್ ಮಾಡಿ, ಆಟದೊಳಗೆ ಆಫ್ ಮಾಡಿ, ಎಫ್‌ಪಿಎಸ್ ಅನ್ನು ರಿಫ್ರೆಶ್ ರೇಟ್‌ಗಿಂತ ಕನಿಷ್ಠ 3 ಕಡಿಮೆಗೆ ಕಟ್ಟಿ: 144ಕ್ಕೆ 141. ಎಫ್‌ಪಿಎಸ್ ಮಾನಿಟರ್‌ನ ಮೇಲಿನ ತುದಿಗೆ ಬಡಿದು ಇಳಿಯುತ್ತಿದ್ದರೆ ವಿ-ಸಿಂಕ್ ಆಗಾಗ ಮಧ್ಯೆ ಬಂದು ಜರ್ಕ್ ಕೊಡುತ್ತದೆ, ಮಿತಿ ಹಾಕುವುದು ಅದಕ್ಕೇ. ಇನ್‌ಪುಟ್ ತಡ ತಗ್ಗಿಸುವ ಎನ್‌ವಿಡಿಯಾ ರಿಫ್ಲೆಕ್ಸ್ ಇರುವ ಆಟಗಳಲ್ಲಿ ಅದು ತಾನಾಗಿ 138ಕ್ಕೆ ಕಟ್ಟುತ್ತದೆ. ಹಲವು ಮಾನಿಟರ್‌ಗಳ ಕೆಳಮಿತಿ 48 ಹರ್ಟ್ಸ್, ಅಲ್ಲಿ ಹೊಯ್ದಾಡುವ ಆಟಕ್ಕೂ ಇಂಥದೇ ತೊಂದರೆ. ಗುಣಮಟ್ಟ ಇಳಿಸಿ 55ರ ಮೇಲೆ ನಿಲ್ಲಿಸಿಕೊಳ್ಳಿ.

ಜಿ-ಸಿಂಕ್, ಫ್ರೀಸಿಂಕ್ ಎರಡೂ ಇಲ್ಲದ 60 ಹರ್ಟ್ಸ್ ಮಾನಿಟರ್‌ನಲ್ಲಿ ವಿ-ಸಿಂಕ್ ಹಾಕಿದಾಗ 16.7 ಬದಲು 17 ಮಿಲಿಸೆಕೆಂಡ್ ಹಿಡಿದ ಫ್ರೇಮ್ ಮುಂದಿನ ರಿಫ್ರೆಶ್‌ಗೆ ಕಾಯಬೇಕು, ಅಂದರೆ 33.3ಕ್ಕೆ ಕಾಣುತ್ತದೆ. 60 ಸದಾ ನಿಲ್ಲದಿದ್ದರೆ ಗ್ರಾಫಿಕ್ಸ್ ಇಳಿಸಿ, ಅದಾಗದಿದ್ದರೆ 30ಕ್ಕೆ ಕಟ್ಟಿ. 120 ಹರ್ಟ್ಸ್ ಇದ್ದವರಿಗೆ 40 ಎಂಬ ನಡುದಾರಿಯೂ ಇದೆ, ಪ್ರತಿ ಫ್ರೇಮ್ ಸಮನಾಗಿ 25 ಮಿಲಿಸೆಕೆಂಡ್. ಮಿತಿ ಹಾಕಲು ಆಟದೊಳಗಿನ ಲಿಮಿಟರ್‌ನಲ್ಲಿ ಇನ್‌ಪುಟ್ ತಡ ಕಡಿಮೆ, ರಿವಾಟ್ಯೂನರ್‌ನದರಲ್ಲಿ ಗ್ರಾಫ್ ಹೆಚ್ಚು ಸಮ. ಸ್ಪರ್ಧೆಯ ಆಟಗಳಿಗೆ ಮೊದಲನೆಯದು, ಕಥೆಯ ಆಟಗಳಿಗೆ ಎರಡನೆಯದು. ಎರಡನ್ನೂ ಒಟ್ಟಿಗೆ ಹಾಕಬೇಡಿ.

ಹಿನ್ನೆಲೆಯಲ್ಲಿ ಕಾಡುವವು

ನಿಯಮಿತ ಅಂತರದ ಸ್ಪೈಕ್ ಇದ್ದರೆ ಮೊದಲು ಓವರ್‌ಲೇಗಳನ್ನು (ಆಟದ ಮೇಲೆ ಮೂಡುವ ಬೇರೆ ಪ್ರೋಗ್ರಾಂಗಳ ಕಿಟಕಿಗಳನ್ನು) ಆಫ್ ಮಾಡಿ: ಡಿಸ್ಕಾರ್ಡ್, ಸ್ಟೀಮ್, ಎನ್‌ವಿಡಿಯಾ ಆಪ್. ಸೆಟ್ಟಿಂಗ್ಸ್, ಗೇಮಿಂಗ್, ಕ್ಯಾಪ್ಚರ್ಸ್‌ನಲ್ಲಿ ಹಿನ್ನೆಲೆ ರೆಕಾರ್ಡಿಂಗ್ ನಿಲ್ಲಿಸಿ. ಆರ್‌ಜಿಬಿ ದೀಪ ಮತ್ತು ಫ್ಯಾನ್ ನಿಯಂತ್ರಿಸುವ ಪ್ರೋಗ್ರಾಂಗಳು ಒಂದಕ್ಕಿಂತ ಹೆಚ್ಚಿದ್ದರೆ ಒಂದೇ ಸೆನ್ಸರ್‌ಗಾಗಿ ಕಿತ್ತಾಡುತ್ತವೆ, ಒಂದನ್ನೇ ಉಳಿಸಿ. ಆಂಟಿವೈರಸ್‌ನಲ್ಲಿ ಆಟದ ಫೋಲ್ಡರ್‌ಗೆ ವಿನಾಯಿತಿ ಕೊಡಿ, ನಂಬಿಕಸ್ಥ ಮೂಲದಿಂದ ತಂದ ಆಟವಾದರೆ ಮಾತ್ರ.

ಮೌಸ್ ಅಲ್ಲಾಡಿಸಿದಾಗ ಮಾತ್ರ ಮುಗ್ಗರಿಸಿ, ಕಂಟ್ರೋಲರ್‌ನಲ್ಲಿ ತಿರುಗಿಸಿದಾಗ ಸುಮ್ಮನಿದ್ದರೆ ಮೌಸ್‌ನ ಪೋಲಿಂಗ್ ರೇಟ್ (ಸೆಕೆಂಡಿಗೆ ಎಷ್ಟು ಸಲ ಅದು ವರದಿ ಕಳಿಸುತ್ತದೆ ಎಂಬುದು) ನೋಡಿ. 4000 ಅಥವಾ 8000 ಹರ್ಟ್ಸ್ ಇದ್ದರೆ 1000ಕ್ಕೆ ಇಳಿಸಿ. ಸೆಕೆಂಡಿಗೆ ಎಂಟು ಸಾವಿರ ಸಲ ಬಂದು ಬಾಗಿಲು ತಟ್ಟುವ ಮೌಸ್, ಮೊದಲೇ ದಣಿದ ಸಿಪಿಯುವನ್ನು ಇನ್ನಷ್ಟು ದಣಿಸುತ್ತದೆ.

ಗಂಟೆಗೊಂದೆರಡು ಸಲ ಶಬ್ದವೂ ಸೇರಿ ಎಲ್ಲವೂ ತೊದಲಿದರೆ, ಅದೂ ರೈಝನ್ ಕಂಪ್ಯೂಟರ್‌ನಲ್ಲಿ, ಎಫ್‌ಟಿಪಿಎಂ (ಫರ್ಮ್‌ವೇರ್‌ನಲ್ಲಿರುವ ಭದ್ರತಾ ವ್ಯವಸ್ಥೆ) ನೆನಪಿಸಿಕೊಳ್ಳಿ. ಬಯೋಸ್ ಇರುವ ಫ್ಲ್ಯಾಶ್ ಚಿಪ್ ಜೊತೆ ಎಫ್‌ಟಿಪಿಎಂ ನಡೆಸುವ ವ್ಯವಹಾರದಿಂದ ಹೀಗಾಗುತ್ತದೆಂದು ಎಎಂಡಿ 2022ರ ಮಾರ್ಚ್‌ನಲ್ಲಿ ಒಪ್ಪಿಕೊಂಡಿತು. ಅಜೀಸಾ (AGESA, ಬಯೋಸ್‌ನೊಳಗಿನ ಎಎಂಡಿ ಕೋಡ್) 1.2.0.7 ಅಥವಾ ನಂತರದ ಆವೃತ್ತಿ ಇರುವ ಬಯೋಸ್‌ನಲ್ಲಿ ಪರಿಹಾರವಿದೆ. ಬಿಟ್‌ಲಾಕರ್ (ವಿಂಡೋಸ್‌ನ ಡ್ರೈವ್ ಬೀಗ) ಇದ್ದರೆ ಬಯೋಸ್ ಅಪ್‌ಡೇಟ್‌ಗೆ ಮುನ್ನ ಅದನ್ನು ಸಸ್ಪೆಂಡ್ ಮಾಡಿ, ರಿಕವರಿ ಕೀ ಬೇರೆಡೆ ಬರೆದಿಟ್ಟುಕೊಳ್ಳಿ.

ಶಬ್ದ ಚಟಪಟ ಎನ್ನುತ್ತ ಮುಗ್ಗರಿಸುವ ಉಳಿದ ಸಂದರ್ಭಗಳಲ್ಲಿ ಯಾವ ಡ್ರೈವರ್ ತಡ ಮಾಡುತ್ತಿದೆ ಎಂದು ತೋರಿಸುವ ಲೇಟೆನ್ಸಿಮಾನ್ ಹತ್ತು ನಿಮಿಷ ಓಡಿಸಿ. ಡ್ರೈವರ್ಸ್ ಟ್ಯಾಬ್‌ನಲ್ಲಿ ಅತಿ ಹೆಚ್ಚು ಸಮಯ ತಿಂದದ್ದು ನೆಟ್‌ವರ್ಕ್‌ನದೋ, ಸ್ಟೋರೇಜ್‌ನದೋ, ಗ್ರಾಫಿಕ್ಸ್‌ನದೋ ನೋಡಿ ಆ ಡ್ರೈವರ್ ಮಾತ್ರ ಬದಲಿಸಿ. ವೈಫೈ ಎಂದು ಬಂದರೆ ಡಿವೈಸ್ ಮ್ಯಾನೇಜರ್‌ನಲ್ಲಿ ಅದನ್ನು ಡಿಸೇಬಲ್ ಮಾಡಿ, ಇಂಟರ್ನೆಟ್ ಬೇಡದ ಆಟವೊಂದನ್ನು ಆಡಿದರೆ ಉತ್ತರ ಸಿಗುತ್ತದೆ.

ಗ್ರಾಫಿಕ್ಸ್ ಡ್ರೈವರ್ ಮತ್ತು ಈವೆಂಟ್ ವ್ಯೂವರ್

ಹೊಸ ಡ್ರೈವರ್ ಬಂದ ದಿನದಿಂದ ಕೆಟ್ಟಿದ್ದರೆ ಹಿಂದಿನದಕ್ಕೆ ಮರಳಿ. ಬೇಕಾದ ಡ್ರೈವರ್ ಮೊದಲೇ ಇಳಿಸಿಟ್ಟು, ನೆಟ್ ಕಿತ್ತು, ಸೇಫ್ ಮೋಡ್‌ನಲ್ಲಿ ಡಿಸ್‌ಪ್ಲೇ ಡ್ರೈವರ್ ಅನ್‌ಇನ್‌ಸ್ಟಾಲರ್ ತೆರೆದು ‘ಕ್ಲೀನ್ ಆ್ಯಂಡ್ ರೀಸ್ಟಾರ್ಟ್’ ಒತ್ತಿ, ಆಮೇಲೆ ಹಾಕಿ. ನೆಟ್ ಕೀಳದಿದ್ದರೆ ವಿಂಡೋಸ್ ನಡುವೆ ತನಗೆ ತೋಚಿದ ಡ್ರೈವರ್ ತುರುಕಿಬಿಡುತ್ತದೆ. ಕಾರ್ಡ್‌ನ ಕಂಪನಿ ಬದಲಾಗಿದ್ದರೂ ಇದೇ ಕ್ರಮ.

ವಿಂಡೋಸ್ ತನ್ನ ದೋಷಗಳನ್ನು ಬರೆದಿಡುವ ಈವೆಂಟ್ ವ್ಯೂವರ್‌ನ ವಿಂಡೋಸ್ ಲಾಗ್ಸ್, ಸಿಸ್ಟಂನಲ್ಲಿ ಸ್ಟಟರ್ ಆದ ಸಮಯದ ದಾಖಲೆ ಹುಡುಕಿ. ಡಿಸ್ಕ್ 153 ಎಂದರೆ ಡ್ರೈವ್ ಓದುವ ಕೆಲಸ ಮತ್ತೆ ಮಾಡಬೇಕಾಯಿತು. 129 ಎಂದರೆ ಡ್ರೈವ್ ಉತ್ತರಿಸದೆ ರೀಸೆಟ್ ಆಯಿತು. ಡಿಸ್‌ಪ್ಲೇ 4101 ಎಂದರೆ ಗ್ರಾಫಿಕ್ಸ್ ಡ್ರೈವರ್ ನಿಂತು ಎದ್ದಿತು. ಕರ್ನಲ್ ಪ್ರೊಸೆಸರ್ ಪವರ್ 37 ಎಂದರೆ ಫರ್ಮ್‌ವೇರ್ ಸಿಪಿಯು ವೇಗಕ್ಕೆ ಕಡಿವಾಣ ಹಾಕಿತು. ಡಬ್ಲ್ಯುಎಚ್‌ಇಎ ಲಾಗರ್ (WHEA-Logger) 17 ಸಾಲುಸಾಲಾಗಿ ಇದ್ದರೆ ಪಿಸಿಐಇ ಸಂಪರ್ಕದಲ್ಲಿ ದೋಷ: ಕಾರ್ಡ್ ಅನ್ನು ಸ್ಲಾಟ್‌ನಿಂದ ದೂರ ಇಡಲು ಬಳಸುವ ರೈಸರ್ ಕೇಬಲ್ ಇದ್ದರೆ ತೆಗೆದು ಕಾರ್ಡ್ ಅನ್ನು ನೇರವಾಗಿ ಕೂರಿಸಿ, ಅಥವಾ ಬಯೋಸ್‌ನಲ್ಲಿ ಪಿಸಿಐಇ 4.0 ಬದಲು 3.0 ಆರಿಸಿ ನೋಡಿ.

ಮುಟ್ಟದಿರುವುದೇ ಲೇಸು

ವಿಂಡೋಸ್ ಸರ್ವಿಸ್‌ಗಳನ್ನು ಸಾಲಾಗಿ ಆಫ್ ಮಾಡುವ ಸ್ಕ್ರಿಪ್ಟ್‌ಗಳು, ರಿಜಿಸ್ಟ್ರಿ ಬದಲಿಸುವ ‘ಬೂಸ್ಟರ್’ಗಳು, ಬೂಟ್ ಸೆಟ್ಟಿಂಗ್‌ನಲ್ಲಿ ಎಚ್‌ಪಿಇಟಿ ಟೈಮರ್ ಬಲವಂತವಾಗಿ ಹಾಕುವುದು, ಇವನ್ನು ದೂರವಿಡಿ. ಕೊನೆಯದು ಆಟವನ್ನು ನಿಧಾನ ಮಾಡಿದ ಉದಾಹರಣೆಗಳೇ ಹೆಚ್ಚು. ಕೋರ್ ಐಸೊಲೇಷನ್‌ನ ಮೆಮೊರಿ ಇಂಟೆಗ್ರಿಟಿ ಆಫ್ ಮಾಡಿದರೆ ಸಿಪಿಯು ಮೇಲಿನ ಹೊರೆ ಸ್ವಲ್ಪ ಇಳಿಯುವುದು ನಿಜ, ಆದರೆ ಅದು ಭದ್ರತೆಯ ಪದರ. ಬ್ಯಾಂಕ್ ಕೆಲಸವೂ ನಡೆಯುವ ಕಂಪ್ಯೂಟರ್‌ನಲ್ಲಿ ಹಾಗೆಯೇ ಇರಲಿ. ಹಾರ್ಡ್‌ವೇರ್ ಆಕ್ಸಿಲರೇಟೆಡ್ ಜಿಪಿಯು ಶೆಡ್ಯೂಲಿಂಗ್ ಆನ್, ಆಫ್ ಎರಡರಲ್ಲೂ ಅಳೆದು ನೋಡಬಹುದು. ಡಿಎಲ್‌ಎಸ್‌ಎಸ್ ಫ್ರೇಮ್ ಜನರೇಷನ್ ಬೇಕಿದ್ದರೆ ಅದು ಆನ್ ಇರಲೇಬೇಕು.

ಇಷ್ಟೆಲ್ಲ ನೋಡಿದ ಮೇಲೂ ಒಂದೇ ಆಟದಲ್ಲಿ, ಒಂದೇ ಜಾಗದಲ್ಲಿ, ಎಲ್ಲ ಸೆಟ್ಟಿಂಗ್ ಕೆಳಗಿಳಿಸಿದರೂ ಸ್ಪೈಕ್ ಅಷ್ಟೇ ಎತ್ತರಕ್ಕೆ ಎದ್ದು, ಉಳಿದ ಆಟಗಳು ನುಣುಪಾಗಿದ್ದರೆ ದೋಷ ಆ ಆಟದ ಕೋಡ್‌ನಲ್ಲಿದೆ. ಆಗ ಕಂಪ್ಯೂಟರ್‌ಗೆ ಹೊಸ ಬಿಡಿಭಾಗ ಕೊಳ್ಳಬೇಡಿ. ಎಫ್‌ಪಿಎಸ್ ಮಿತಿ ಹಾಕಿದರೆ ಸ್ಪೈಕ್‌ಗೂ ಉಳಿದ ಫ್ರೇಮ್‌ಗಳಿಗೂ ಇರುವ ಅಂತರ ಕಡಿಮೆಯಾಗಿ ಕಣ್ಣಿಗೆ ಸ್ವಲ್ಪ ಸಹ್ಯವಾಗುತ್ತದೆ. ಕ್ಯಾಪ್‌ಫ್ರೇಮ್‌ಎಕ್ಸ್‌ನಲ್ಲಿ ದಾಖಲಿಸಿದ ಗ್ರಾಫ್, ಸೇವ್ ಫೈಲ್, ಡ್ರೈವರ್ ಆವೃತ್ತಿ ಮೂರನ್ನೂ ಸೇರಿಸಿ ಆಟದ ತಯಾರಕರಿಗೆ ದೂರು ಕಳಿಸಿ. ಯಾವ ಜಾಗದಲ್ಲಿ, ಎಷ್ಟು ಮಿಲಿಸೆಕೆಂಡ್ ಎಂದು ಬರೆದ ದೂರನ್ನು ಅವರು ತಮ್ಮ ಯಂತ್ರದಲ್ಲಿ ಮರುಕಳಿಸಿ ನೋಡಬಹುದು.